ಕೆನಡಾದ ಟಿಎಫ್‌ಎಸ್‌ಎ ಖಾತೆಯಲ್ಲಿ ವಿಜಿಆರ್‌ಒ ಫಂಡು: ಆರು ವರ್ಷ ಇಟ್ಟುಕೊಂಡ ಅನುಭವ

2018ರ ಆಗಸ್ಟ್‌ನಲ್ಲಿ ತುಮಕೂರಿನಿಂದ ಕೆನಡಾದ ಮಿಸ್ಸಿಸಾಗಕ್ಕೆ ಬಂದಾಗ ನನಗೆ ಗೊತ್ತಿದ್ದ ಉಳಿತಾಯ ಅಂದರೆ ಎಫ್‌ಡಿ ಮತ್ತು ಅಮ್ಮ ಹಾಕುತ್ತಿದ್ದ ಚೀಟಿ. ಸಂಬಳ ಬೀಳುವ ಬ್ಯಾಂಕಿನಲ್ಲೇ ಟಿಎಫ್‌ಎಸ್‌ಎ (ತೆರಿಗೆರಹಿತ ಉಳಿತಾಯ ಖಾತೆ) ತೆರೆದು, ಅವರು ತೋರಿಸಿದ ಮ್ಯೂಚುವಲ್ ಫಂಡಿಗೆ 5,500 ಡಾಲರ್ ಹಾಕಿದೆ. ಟಿಎಫ್‌ಎಸ್‌ಎಗೆ ಆ ವರ್ಷ ಕಟ್ಟಬಹುದಾದ ಮಿತಿ ಅಷ್ಟು. ವರ್ಷದ ಮಧ್ಯೆ ಬಂದರೂ ಪೂರ್ತಿ ಮಿತಿ ಸಿಗುತ್ತದೆ.

ಟಿಎಫ್‌ಎಸ್‌ಎ ಒಂದು ಡಬ್ಬಿ ಇದ್ದ ಹಾಗೆ. ಒಳಗೆ ನಗದು, ಜಿಐಸಿ (ಇಲ್ಲಿನ ಎಫ್‌ಡಿ), ಷೇರು, ಇಟಿಎಫ್ (ಷೇರುಪೇಟೆಯಲ್ಲಿ ಕೊಳ್ಳುವ ಫಂಡು) ಏನು ಬೇಕಾದರೂ ಇಡಬಹುದು. ಬೆಳೆದ ಹಣಕ್ಕೆ ಕೆನಡಾದಲ್ಲಿ ತೆರಿಗೆ ಇಲ್ಲ. ನನ್ನ ಡಬ್ಬಿಯೊಳಗೆ ಏನಿದೆ ಅಂತ ಮರುವರ್ಷ ಫಂಡಿನ ಕಾಗದ ಬಿಡಿಸಿ ನೋಡಿದಾಗಲೇ ತಿಳಿದದ್ದು. ಎಂಇಆರ್, ಅಂದರೆ ಫಂಡು ನಡೆಸಲು ವರ್ಷಕ್ಕೆ ಕಳೆಯುವ ಖರ್ಚು, 2.2% ಅಂತಿತ್ತು. 5,500ಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ 121 ಡಾಲರ್! ಇದಕ್ಕೆ ಬಿಲ್ ಬರುವುದಿಲ್ಲ, ಖಾತೆಯಿಂದ ಕಟ್ ಆಗಿದ್ದೂ ಕಾಣುವುದಿಲ್ಲ. ಫಂಡಿನ ಬೆಲೆಯಲ್ಲೇ ದಿನಾ ಚೂರು ಚೂರು ಹೋಗುತ್ತಿರುತ್ತದೆ. ಲಾಭ ಬಂದರೂ ಹೋಗುತ್ತದೆ, ನಷ್ಟ ಆದರೂ ಹೋಗುತ್ತದೆ.

ಆಗ ಸಿಕ್ಕಿದ್ದು ವ್ಯಾನ್‌ಗಾರ್ಡ್ ಅನ್ನುವ ಫಂಡು ಕಂಪನಿಯ ವಿಜಿಆರ್‌ಒ. 2018ರ ಶುರುವಿನಲ್ಲಿ ಬಂದ ಇಟಿಎಫ್. ಸುಮಾರು 80% ಷೇರು, 20% ಬಾಂಡು (ಸರ್ಕಾರ, ಕಂಪನಿಗಳಿಗೆ ಬಡ್ಡಿಗೆ ಕೊಟ್ಟ ಸಾಲ). ಕೆನಡಾ, ಅಮೆರಿಕ, ಯುರೋಪು, ಏಷ್ಯಾ ಎಲ್ಲ ಸೇರಿ ಸಾವಿರಾರು ಕಂಪನಿ ಒಂದೇ ಯೂನಿಟ್ಟಿನಲ್ಲಿ. ಆಗ ಎಂಇಆರ್ ಸುಮಾರು ಕಾಲು ಪರ್ಸೆಂಟ್, ಅಂದರೆ ನನ್ನ 121 ಡಾಲರ್ ಇದ್ದದ್ದು 14ಕ್ಕೆ ಇಳಿಯುತ್ತಿತ್ತು.

ಹೊಸ ಆನ್‌ಲೈನ್ ಬ್ರೋಕರ್ ಹತ್ತಿರ ಖಾತೆ ಬದಲಿಸುವಾಗ ಎಡವಿದೆ. ಬ್ಯಾಂಕಿನಿಂದ 5,500 ತೆಗೆದು, ಜೊತೆಗೆ ಹೊಸದಾಗಿ 3,000 ಸೇರಿಸಿ ನಾನೇ ಕಟ್ಟಿದೆ. ತೆಗೆದ ಹಣದ ಮಿತಿ ವಾಪಸ್ ಸಿಗುವುದು ಮುಂದಿನ ಜನವರಿ 1ಕ್ಕೆ ಅಂತ ನನಗೆ ಯಾರೂ ಹೇಳಿರಲಿಲ್ಲ. 2019ರ ಮಿತಿ 6,000. ನಾನು ಕಟ್ಟಿದ್ದು 8,500. ಜಾಸ್ತಿಯಾದ 2,500ಕ್ಕೆ ತಿಂಗಳಿಗೆ 1% ದಂಡ. ಗೊತ್ತಾಗಿ ತೆಗೆಯುವಷ್ಟರಲ್ಲಿ ನಾಲ್ಕು ತಿಂಗಳು, 100 ಡಾಲರ್ ಹೋಯಿತು. ಖಾತೆ ಬದಲಿಸುವವರು ದಯವಿಟ್ಟು ಹಣ ಕೈಗೆ ತೆಗೆದುಕೊಳ್ಳಬೇಡಿ. ಹೊಸ ಬ್ರೋಕರ್‌ಗೆ ಟ್ರಾನ್ಸ್‌ಫರ್ ಫಾರ್ಮ್ ಕೊಡಿ, ಅವರೇ ತರಿಸಿಕೊಳ್ಳುತ್ತಾರೆ. ಹಳೆ ಬ್ಯಾಂಕು ಅದಕ್ಕೆ ಫೀಸು ಹಾಕಿದರೆ ಎಷ್ಟೋ ಬ್ರೋಕರ್‌ಗಳು ತುಂಬಿಕೊಡುತ್ತಾರೆ, ಕೇಳಿ ನೋಡಿ.

2020ರಿಂದ ತಿಂಗಳಿಗೆ 500ರಂತೆ ಹಾಕಿದೆ. ಕೋವಿಡ್ ಬಂದ ಆ ಮಾರ್ಚ್ ಮರೆಯೋಕಾಗಲ್ಲ. ಅಡುಗೆಮನೆ ಟೇಬಲ್ ಮೇಲೆ ಲ್ಯಾಪ್‌ಟಾಪ್, ಪರದೆ ತುಂಬಾ ಕೆಂಪು ಅಂಕಿ. ಹೆಂಡತಿ ಪಕ್ಕದಲ್ಲಿ ಕೂತು, "ರೀ, ಈ ತಿಂಗಳು ಬಿಟ್ಟುಬಿಡೋಣ್ವಾ?" ಅಂದಳು. ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆವು. ಆಮೇಲೆ ಖರೀದಿ ಬಟನ್ ಒತ್ತಿದೆ. ಅದೇ 500ಕ್ಕೆ ಹಿಂದಿನ ತಿಂಗಳಿಗಿಂತ ನಾಲ್ಕು ಯೂನಿಟ್ ಜಾಸ್ತಿ ಬಂತು.

ನನಗೆ ಅದಕ್ಕಿಂತ ಕಷ್ಟವಾದದ್ದು 2022. ಷೇರು ಬಿದ್ದರೆ ಬಾಂಡು ಕೈ ಹಿಡಿಯುತ್ತದೆ ಅಂತ ನಂಬಿದ್ದೆ. ಆ ವರ್ಷ ಬ್ಯಾಂಕ್ ಆಫ್ ಕೆನಡಾ ಬಡ್ಡಿ ದರವನ್ನು 0.25%ರಿಂದ 4.25%ಕ್ಕೆ ಏರಿಸಿತು. ಬಡ್ಡಿ ಏರಿದರೆ ಹಳೆ ಬಾಂಡಿನ ಬೆಲೆ ಇಳಿಯುತ್ತದೆ. ಹಾಗಾಗಿ ಎರಡೂ ಒಟ್ಟಿಗೆ ಇಳಿದವು. ಎರಡು ಮೂರು ವರ್ಷದಲ್ಲಿ ಬೇಕಾಗುವ ಹಣ ಇದರಲ್ಲಿ ಇಡಬೇಡಿ ಅಂತ ನಾನು ಹೇಳುವುದು ಇದಕ್ಕೇ. ಮನೆಯ ಡೌನ್ ಪೇಮೆಂಟಿನ ದುಡ್ಡು ನಾವು ಜಿಐಸಿಯಲ್ಲೇ ಇಟ್ಟೆವು.

ಉಳಿದಂತೆ ಇದಕ್ಕೆ ನಾನು ಮಾಡುವ ಕೆಲಸ ತಿಂಗಳಿಗೆ ಐದು ನಿಮಿಷ. ಷೇರು-ಬಾಂಡು ಪಾಲು ಹೆಚ್ಚು ಕಮ್ಮಿಯಾದರೆ ಫಂಡಿನವರೇ ಸರಿ ಮಾಡುತ್ತಾರೆ. ಮೂರು ತಿಂಗಳಿಗೊಮ್ಮೆ ಬರುವ ಡಿವಿಡೆಂಡಿನಿಂದ ಮತ್ತೆ ಯೂನಿಟ್ ಕೊಳ್ಳುತ್ತೇನೆ. ಊರಿಗೆ ವಾಪಸ್ ಹೋಗುವ ಯೋಚನೆ ಇರುವವರು ಒಂದು ನೆನಪಿಡಿ: ಕೆನಡಾದ ನಿವಾಸಿ ಅಲ್ಲದಾದ ಮೇಲೆ ಖಾತೆ ಇಟ್ಟುಕೊಳ್ಳಬಹುದು, ಆದರೆ ಹೊಸದಾಗಿ ಕಟ್ಟಿದರೆ ಅದಕ್ಕೂ ತಿಂಗಳಿಗೆ 1% ತೆರಿಗೆ ಇದೆ.

ವಿಜಿಆರ್‌ಒಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

2025ರಲ್ಲಿ ನನ್ನ ತಂಗಿ ಹ್ಯಾಮಿಲ್ಟನ್‌ಗೆ ಬಂದಳು. ಆಫೀಸಿನಲ್ಲಿ ಯಾರೋ ಅವಳಿಗೆ "ನಿಂಗೆ 1,02,000 ಡಾಲರ್ ಮಿತಿ ಇದೆ" ಅಂದಿದ್ದರಂತೆ. ಎಲ್ಲ ವರ್ಷದ ಮಿತಿ ಕೂಡಿಸಿದ ಆ ಲೆಕ್ಕ 2009ರಿಂದ ಇಲ್ಲೇ ಇದ್ದು, ಆಗಲೇ 18 ತುಂಬಿದ್ದವರದು. ಅವಳದು 7,000 ಮಾತ್ರ. ಫೋನಿನಲ್ಲಿ ಹೇಳಿದ ತಕ್ಷಣ ಚೀಟಿಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ.