ಹಪ್ಪಳ ಒಂದೇ, ಅಂಗಡಿ ಮೂರು: ವಾಟ್ಸಾಪ್, ಸ್ವಂತ ಸೈಟ್, ದೊಡ್ಡ ಮಾರುಕಟ್ಟೆ

ಅಂಗಡಿಯಲ್ಲಿ ಉಳಿದದ್ದು 11 ಕಟ್ಟು ಹಲಸಿನ ಹಪ್ಪಳ. ಬಂದಿದ್ದ ಆರ್ಡರ್ 19 ಕಟ್ಟಿಗೆ. ಹೊರಗೆ ಜೂನ್ ತಿಂಗಳ ಮಳೆ ಧೋ ಅಂತ ಸುರಿಯುತ್ತಿತ್ತು. ಆ ಮಳೆಯಲ್ಲಿ ಹೊಸ ಹಪ್ಪಳ ಎಲ್ಲಿ ಒಣಗಿಸುವುದು ಮಾರಾಯ್ರೆ? ದುಡ್ಡು ಹಾಕಿದವರಿಗೆಲ್ಲ ಫೋನ್ ಮಾಡಿ, ತಪ್ಪಾಯ್ತು ಅಂತ ಹೇಳಿ, ದುಡ್ಡು ವಾಪಸ್ ಕಳಿಸಿದ್ದೇ ನನ್ನ ಆ ವಾರದ ವ್ಯಾಪಾರ.

ನಮ್ಮದು ಉಡುಪಿ ರಥಬೀದಿಯ ಹತ್ತಿರ ಒಂದು ಸಣ್ಣ ಅಂಗಡಿ. ಹಪ್ಪಳ, ಮಿಡಿ ಉಪ್ಪಿನಕಾಯಿ, ಸಾರಿನ ಪುಡಿ, ತೆಂಗಿನೆಣ್ಣೆ. ಹಪ್ಪಳ ಮಾಡುವುದು ಅತ್ತೆ ಮತ್ತು ಅಕ್ಕಪಕ್ಕದ ನಾಲ್ಕು ಜನ, ಬಿಸಿಲಿರುವಷ್ಟು ದಿನ ಮಾತ್ರ. ಮಳೆ ಹಿಡಿದರೆ ಮತ್ತೆ ಮುಂದಿನ ವರ್ಷವೇ. ಎಷ್ಟು ಕಟ್ಟು ಉಂಟೋ ಅಷ್ಟೇ.

ಎರಡು ಸೀಸನ್‌ನಲ್ಲಿ ಆನ್‌ಲೈನ್ ಮಾರಾಟಕ್ಕೆ ಮೂರು ದಾರಿ ಹಿಡಿದು ನೋಡಿದೆ. ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗ್, ವರ್ಡ್‌ಪ್ರೆಸ್ (ಸೈಟ್ ಕಟ್ಟುವ ಸಾಫ್ಟ್‌ವೇರ್) ಮೇಲೆ ವೂಕಾಮರ್ಸ್ (ಅದಕ್ಕೆ ಅಂಗಡಿ ಜೋಡಿಸುವ ತುಣುಕು) ಹಾಕಿಸಿದ ಸ್ವಂತ ವೆಬ್‌ಸೈಟ್, ಮತ್ತೆ ಒಂದು ದೊಡ್ಡ ಆನ್‌ಲೈನ್ ಮಾರುಕಟ್ಟೆ. ಶಾಪಿಫೈ ತರದ, ತಿಂಗಳ ಬಾಡಿಗೆಯ ರೆಡಿಮೇಡ್ ಆನ್‌ಲೈನ್ ಅಂಗಡಿಯನ್ನೂ ತೆರೆದು ನೋಡಿದ್ದೆ. ಕೆಲಸ ಸಲೀಸು, ಒಪ್ಪುತ್ತೇನೆ. ಆದರೆ ನಮಗೆ ವ್ಯಾಪಾರ ಐದಾರು ತಿಂಗಳು, ಬಾಡಿಗೆ ಹನ್ನೆರಡು ತಿಂಗಳು. ಬಿಟ್ಟೆ.

ವಾಟ್ಸಾಪ್ ಶುರು ಮಾಡಲು ಅರ್ಧ ದಿನ ಸಾಕಾಯಿತು. ಕ್ಯಾಟಲಾಗ್‌ನಲ್ಲಿ 500 ಸಾಮಾನು ಹಾಕಬಹುದು, ನಮ್ಮದು ಹದಿನಾಲ್ಕು. ದುಡ್ಡು ಯುಪಿಐನಲ್ಲಿ ನೇರ ಬರುತ್ತದೆ, ನಡುವೆ ಯಾರಿಗೂ ಪಾಲಿಲ್ಲ. ಖರ್ಚಿನ ಲೆಕ್ಕದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಆದರೆ ಅದು ಸ್ಟಾಕ್ ಎಣಿಸುವುದಿಲ್ಲ. ಸಾಮಾನು ಮುಗಿದರೆ ನಾವೇ ಹೋಗಿ ಮರೆ ಮಾಡಬೇಕು. ರಾತ್ರಿ ಹನ್ನೊಂದಕ್ಕೆ "ಅಕ್ಕಾ, ಹೋದ ಸಲದ್ದೇ ಹಪ್ಪಳ ಎರಡು ಕಟ್ಟು, ಖಾರದ್ದು ಬೇಡ" ಅಂತ ವಾಯ್ಸ್ ಮೆಸೇಜ್ ಬರುತ್ತದೆ. ಹೋದ ಸಲ ಯಾವುದು ಅಂತ ನೋಡಲು ಎಂಟು ತಿಂಗಳ ಚಾಟ್ ಮೇಲೆ ಹೋಗಬೇಕು. ವಿಳಾಸ ಒಂದು ಕಡೆ, ಪಿನ್‌ಕೋಡ್ ಅವರ ಮಗನ ನಂಬರಿನಿಂದ ಇನ್ನೊಂದು ಕಡೆ. ಮೇಲೆ ಹೇಳಿದ ಆ 19 ಕಟ್ಟಿನ ಕಥೆ ಆದದ್ದು ಇಲ್ಲೇ. ತಪ್ಪು ನನ್ನದೇ. ಪುಸ್ತಕದಲ್ಲಿ ಬರೆಯದೆ ಎಲ್ಲರಿಗೂ "ಆಯ್ತು" ಅಂತ ಹೆಬ್ಬೆರಳು ಒತ್ತಿದ್ದೆ.

ಆಮೇಲೆ ಹಟಕ್ಕೆ ಬಿದ್ದು ಸೈಟ್ ಮಾಡಿಸಿದೆ. ವೂಕಾಮರ್ಸ್‌ಗೆ ದುಡ್ಡಿಲ್ಲ, ಅದು ಹೌದು. ಹೋಸ್ಟಿಂಗ್‌ಗೆ (ಸೈಟ್ ಇಡುವ ಜಾಗ), ಡೊಮೇನ್‌ಗೆ (ಸೈಟಿನ ವಿಳಾಸದ ಹೆಸರು) ವರ್ಷ ವರ್ಷ ಕಟ್ಟಬೇಕು, ಮಾಡಿಕೊಟ್ಟವರಿಗೂ ಕೊಡಬೇಕು. ನನ್ನನ್ನು ನಿಜವಾಗಿ ಸುಸ್ತು ಮಾಡಿದ್ದು ದುಡ್ಡಲ್ಲ, ಸೈಟಿನೊಳಗೆ ತುಂಬುವ ವಿವರ.

ಲೇಬಲ್ ಮಾಡಿದ ಪ್ರೆಸ್ಸಿನಲ್ಲಿ ನಮ್ಮ ವಿವರವೆಲ್ಲ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗಿತ್ತು. ಅದನ್ನೇ ತಂದು ಸೈಟಿಗೆ ಅಂಟಿಸಿದರೆ "ಹಲಸಿನ ಹಪ್ಪಳ" ಇರಬೇಕಾದಲ್ಲಿ ಮೇಲೆ ಕೆಳಗೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು! ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಎಲ್ಲ ಕಂಪ್ಯೂಟರ್, ಫೋನಿನಲ್ಲೂ ಕಾಣುವ ಯೂನಿಕೋಡಿಗೆ ಬದಲಿಸಿದೆ, ಅಲ್ಲಲ್ಲಿ ಒತ್ತಕ್ಷರ ಹಾರಿಹೋಯಿತು. ಕೊನೆಗೆ ಫೋನಿನಲ್ಲೇ ಕೂತು ಎಲ್ಲ ಹೊಸದಾಗಿ ಟೈಪ್ ಮಾಡಿದೆ. ಇನ್ನೊಂದು ವಿಷಯ ತಡವಾಗಿ ಗೊತ್ತಾಯಿತು. ಮುಂಬೈಯಲ್ಲಿರುವ ನಮ್ಮವರು ಹುಡುಕುವುದು ಕನ್ನಡ ಅಕ್ಷರದಲ್ಲಲ್ಲ, ಇಂಗ್ಲಿಷ್ ಅಕ್ಷರದಲ್ಲಿ. ಹಾಗಾಗಿ ಎರಡೂ ಬರೆಯಬೇಕು. ಫೋಟೋ ಒಂದೊಂದು ನಾಲ್ಕೈದು ಎಂಬಿ ಇದ್ದದ್ದನ್ನು ಕುಗ್ಗಿಸಿ ಹಾಕುವವರೆಗೆ ಪುಟ ತೆರೆಯುವಷ್ಟರಲ್ಲಿ ಒಂದು ಚಾ ಕುಡಿಯಬಹುದಿತ್ತು.

ಸೈಟ್ ಮಾಡಿಕೊಟ್ಟ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಒಳ್ಳೆಯವನೇ. ಆದರೆ ಡೊಮೇನ್ ಅವನ ಇಮೇಲ್‌ನಲ್ಲಿತ್ತು. ನವೀಕರಣದ ಪತ್ರ ಅವನಿಗೆ ಹೋಗಿ, ಅವನು ನೋಡದೆ, ನಮ್ಮ ಅಂಗಡಿ ನಾಲ್ಕು ದಿನ ಇಂಟರ್ನೆಟ್ಟಿನಿಂದಲೇ ಕಾಣೆ. ಸೈಟ್ ಮಾಡಿಸುವವರು ಡೊಮೇನ್ ಮೊದಲ ದಿನವೇ ಸ್ವಂತ ಇಮೇಲ್‌ನಲ್ಲಿ ಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ಇಷ್ಟೆಲ್ಲ ಆದ ಮೇಲೂ ಸೈಟಿನ ಒಂದು ಗುಣಕ್ಕೆ ನಾನು ಸೋತೆ. ಅದಕ್ಕೆ ಎಣಿಸಲು ಬರುತ್ತದೆ. 60 ಅಂತ ಹಾಕಿದರೆ ಅರವತ್ತೊಂದನೆಯ ಕಟ್ಟು ಮಾರುವುದಿಲ್ಲ. ಸೈಟಿನಲ್ಲಿ ಗಿರಾಕಿಯ ದುಡ್ಡು ಪಡೆದು ನಮಗೆ ಕಳಿಸುವ ಪೇಮೆಂಟ್ ಗೇಟ್‌ವೇಯವರು 2% ಹಿಡಿಯುತ್ತಾರೆ, ಅದರ ಮೇಲೆ 18% ಜಿಎಸ್‌ಟಿ. 500 ರೂಪಾಯಿಯ ಆರ್ಡರಿಗೆ 11 ರೂಪಾಯಿ 80 ಪೈಸೆ. ಕ್ಷಮೆ ಕೇಳುವ ಫೋನ್‌ಗಳಿಗಿಂತ ಇದು ಅಗ್ಗ.

ದೊಡ್ಡ ಮಾರುಕಟ್ಟೆಯ ಕಥೆ ಬೇರೆ. ಗಿರಾಕಿ ತರುವುದರಲ್ಲಿ ಅದರ ಮುಂದೆ ನಾವೆಲ್ಲ ಎಂತ? ಹೆಸರೇ ಕೇಳದ ಊರುಗಳಿಂದ ಆರ್ಡರ್ ಬಂತು. ಆದರೆ ಒಳಗೆ ಹೋಗುವ ಮೊದಲು ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್, ಲೇಬಲ್‌ನ ಎಲ್ಲ ಮಗ್ಗುಲಿನ ಫೋಟೋ, ಎಚ್‌ಎಸ್‌ಎನ್ ಕೋಡ್ (ತೆರಿಗೆಗಾಗಿ ಸಾಮಾನು ವಿಂಗಡಿಸುವ ಸಂಖ್ಯೆ) ಎಲ್ಲ ತುಂಬಬೇಕು. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಉಂಟು. ಉಪ್ಪಿನಕಾಯಿಯನ್ನು ಬೇರೆ ರಾಜ್ಯಕ್ಕೆ ಮಾರುವುದಾದರೆ ವ್ಯಾಪಾರ ಎಷ್ಟೇ ಸಣ್ಣದಿರಲಿ, ಜಿಎಸ್‌ಟಿ ನೋಂದಣಿ ಬೇಕು. ಇದು ಸ್ವಂತ ಸೈಟಿಗೂ ಅನ್ವಯ, ಬಹಳ ಜನ ಮರೆಯುತ್ತಾರೆ.

ಪೆಟ್ಟು ಬಿದ್ದದ್ದು ಸಾಗಣೆಯಲ್ಲಿ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಅದು ನಿಜವಾದ ತೂಕಕ್ಕಿಂತ ಜಾಸ್ತಿ ಬಂದರೆ ಅದಕ್ಕೇ ದುಡ್ಡು. ನಾಲ್ಕು ಕಟ್ಟು ಹಪ್ಪಳವನ್ನು 30, 30, 15ರ ಡಬ್ಬದಲ್ಲಿಟ್ಟರೆ ಲೆಕ್ಕಕ್ಕೆ 2.7 ಕಿಲೋ. ನಮ್ಮ ತಕ್ಕಡಿಯಲ್ಲಿ ಒಂದೂಕಾಲು ಕಿಲೋ ಸಹ ಇಲ್ಲ! ಬುದ್ಧಿ ಓಡಿಸಿ 17, 17, 30ರ ಉದ್ದ ಡಬ್ಬದಲ್ಲಿ ಒಂದರ ಮೇಲೊಂದು ಪೇರಿಸಿದೆ. ಲೆಕ್ಕ 1.73ಕ್ಕೆ ಇಳಿಯಿತು. ಅಡಿಯ ಕಟ್ಟು ಪುಡಿಪುಡಿಯಾಗಿ ತಲುಪಿತು. ಗಿರಾಕಿ ಫೋಟೋ ಹಾಕಿ ಒಂದು ನಕ್ಷತ್ರ ಕೊಟ್ಟರು. ಅವರ ನಂಬರ್ ನಮಗೆ ಸಿಗುವುದಿಲ್ಲ, ಸಮಾಧಾನದ ಮಾತು ಹೇಳಲೂ ದಾರಿ ಇಲ್ಲ. ಕಮಿಷನ್, ಸಾಗಣೆ ಎಲ್ಲ ಕಳೆದಾಗ ಹಪ್ಪಳದಲ್ಲಿ ಉಳಿದದ್ದು ಅತ್ತೆಯ ಕೂಲಿಗೂ ಸಾಲದು. ಸಾರಿನ ಪುಡಿ ಮಾತ್ರ ಅಲ್ಲಿ ಗೆದ್ದಿತು. ಚಪ್ಪಟೆ ಪ್ಯಾಕೆಟ್, ಒಡೆಯುವುದಿಲ್ಲ, ವರ್ಷವಿಡೀ ಮಾಡಬಹುದು.

ಮೂರೂ ಒಟ್ಟಿಗೆ ಇಟ್ಟುಕೊಂಡಿದ್ದ ಆರು ವಾರ ಇನ್ನೂ ನೆನಪುಂಟು. ಕೊಬ್ಬರಿ ಬೆಲೆ ಏರಿತು, ಎಣ್ಣೆಯ ದರ ಮೂರು ಕಡೆ ಬದಲಿಸಬೇಕಿತ್ತು. ಎರಡು ಕಡೆ ಮಾಡಿದೆ. ಆರ್ಡರ್ ಬಂದದ್ದು ಮೂರನೆಯ ಕಡೆ, ಹಳೇ ದರಕ್ಕೆ.

ಈಗ ಪುಡಿ ಮಾತ್ರ ಮಾರುಕಟ್ಟೆಯಲ್ಲಿ, ಹಪ್ಪಳ ಮತ್ತು ಉಪ್ಪಿನಕಾಯಿ ಸೈಟಿನಲ್ಲಿ. ವಾಟ್ಸಾಪ್ ಊರಿನವರಿಗೆ, ಹಳಬರಿಗೆ. ಎಣ್ಣೆಯನ್ನು ಆನ್‌ಲೈನ್‌ನಿಂದಲೇ ತೆಗೆದೆ. ಮತ್ತೊಂದು ಉಪಾಯ ಮಾಡಿದ್ದೇನೆ, ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ. ಹಪ್ಪಳ ಎರಡು ಬೇರೆ ಬೇರೆ ತಗಡಿನ ಡಬ್ಬದಲ್ಲಿ. ವಾಟ್ಸಾಪ್‌ನವರಿಗೆ 40 ಕಟ್ಟು, ಸೈಟಿಗೆ 60. ಎರಡನೇ ಡಬ್ಬಕ್ಕೆ ಅತ್ತೆ ಚೀಟಿ ಅಂಟಿಸಿದ್ದಾರೆ: "ಸೈಟಿನದ್ದು, ಮುಟ್ಟಬೇಡಿ."

ಮೊನ್ನೆ ನೆಂಟರು ಬಂದಾಗ ಅತ್ತೆಯೇ ಅದರಿಂದ ಒಂದು ಕಟ್ಟು ತೆಗೆದು ಕರಿದರು. ನಾನು ಹಪ್ಪಳ ತಿನ್ನುತ್ತಲೇ ಫೋನ್ ತೆಗೆದು ಸೈಟಿನಲ್ಲಿ 60ನ್ನು 59 ಮಾಡಿದೆ.