ನೈಲಾನ್ ಬಿಟ್ಟು ರೇಡಿಯಲ್ ಟೈರ್ ಹಾಕಿಸಿ 20 ತಿಂಗಳು

ನನ್ನದು ಆರು ಚಕ್ರದ ಲಾರಿ. ರಾಣೆಬೆನ್ನೂರಿನಿಂದ ಬೆಂಗಳೂರಿಗೆ ಗೋವಿನಜೋಳ, ಸೀಸನ್ನಿನಲ್ಲಿ ಬ್ಯಾಡಗಿ ಮೆಣಸಿನಕಾಯಿ. ಹೋಗಿ ಬರಲು ಸುಮಾರು 600 ಕಿ.ಮೀ., ತಿಂಗಳಿಗೆ ಎಂಟು ಟ್ರಿಪ್. ನೈಲಾನ್ ಟೈರ್ ತೆಗೆಸಿ ಆರಕ್ಕೆ ಆರೂ ರೇಡಿಯಲ್ ಹಾಕಿಸಿದ ಮೇಲೆ ಈಗ 96,000 ಕಿ.ಮೀ. ಓಡಿದೆ.

ಎಲ್ಲರೂ ಮೊದಲು ಕೇಳುವುದು ಡೀಸೆಲ್. ಅದೇ ಬಂಕಿನಲ್ಲಿ ಟ್ಯಾಂಕ್ ಬಾಯಿಮಟ್ಟ ತುಂಬಿಸಿ ಹೊರಡುತ್ತೇನೆ, ಬಂದು ಮತ್ತೆ ತುಂಬಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ನೈಲಾನಿನಲ್ಲಿ ಲೀಟರಿಗೆ 6 ಕಿ.ಮೀ. ಬರುತ್ತಿತ್ತು, ಈಗ 6.4. ಕೇಳೋಕೆ ಏನೂ ಅನ್ನಿಸಲ್ಲ, ಅಲ್ವಾ? ಆದರೆ ಟ್ರಿಪ್ಪಿಗೆ ಆರು ಲೀಟರ್ ಉಳಿಯಿತು. ಟೈರಿಗೆ ಮೂರು ಸಾವಿರ ಜಾಸ್ತಿ ಕೊಟ್ಟಿದ್ದೆ, ಐದು ತಿಂಗಳೊಳಗೆ ಅದು ವಾಪಸ್ ಬಂತು.

ನೈಲಾನ್ ಟೈರಿನಲ್ಲಿ ದಾರದ ಪದರಗಳು ಒಂದರ ಮೇಲೊಂದು ಓರೆಯಾಗಿ ಕೂತಿರುತ್ತವೆ. ಚಕ್ರ ಸುತ್ತಿದಷ್ಟೂ ತಿಕ್ಕಾಡಿ ಕಾಯುತ್ತವೆ. ಆ ಕಾವು ನಮ್ಮ ಡೀಸೆಲ್ಲೇ. ರೇಡಿಯಲ್ಲಿನಲ್ಲಿ ದಾರ ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ, ರಸ್ತೆಗೆ ತಾಗುವ ಕಡೆ ಉಕ್ಕಿನ ಪಟ್ಟಿ. ಬೇಸಿಗೆಯಲ್ಲಿ ಹಿರಿಯೂರಿನ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಟೈರ್ ಮುಟ್ಟಿ ನೋಡುವುದು ನನ್ನ ಚಟ. ಮೊದಲು ಕೈ ತಟ್ಟನೆ ತೆಗೆಯುತ್ತಿದ್ದೆ. ಈಗ ಹತ್ತು ಎಣಿಸುವವರೆಗೂ ಇಡಬಹುದು.

ಗಾಳಿಯ ವಿಷಯದಲ್ಲಿ ಮಾತ್ರ ಏಮಾರಿದೆ. ರೇಡಿಯಲ್ಲಿನ ಪಕ್ಕ ಯಾವಾಗಲೂ ಸ್ವಲ್ಪ ಉಬ್ಬಿರುತ್ತದೆ. ಪಂಕ್ಚರ್ ಅಂಗಡಿಯವನು "ಅಣ್ಣಾರ, ಗಾಳಿ ಕಡಿಮಿ ಐತ್ರೀ" ಅಂದರೆ ನಾನೂ ಹೂಂ ಅಂದು ಹಾಕಿಸಿದೆ. ಮುಂದಿನ ಎರಡೂ ಟೈರ್ ನಡುವೆ ಸವೆಯತೊಡಗಿದವು. ಆಮೇಲೆ ಉಲ್ಟಾ ಆಯಿತು. ಹಿಂದಿನ ಜೋಡಿ ಟೈರಿನಲ್ಲಿ ಒಳಗಿನದರ ಗಾಳಿ 20 ಪೌಂಡ್ ಇಳಿದದ್ದು ಕಣ್ಣಿಗೆ ಬೀಳಲೇ ಇಲ್ಲ. ರಾಡಿನಿಂದ ಬಡಿದು ಸದ್ದು ಕೇಳಿದರೂ ತಿಳಿಯಲಿಲ್ಲ. ನೋಟ್‌ಬುಕ್ಕಿನಲ್ಲಿ 6.1 ನೋಡಿದಾಗಲೇ ಅನುಮಾನ ಬಂದದ್ದು. ಅವತ್ತೇ ಗಾಳಿ ಅಳೆಯುವ ಸ್ವಂತ ಗೇಜ್ ತಂದೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ನೋಡುತ್ತೇನೆ, ಓಡಿ ಬಿಸಿಯಾದ ಮೇಲೆ ನೋಡಿದರೆ ಗೇಜ್ ಜಾಸ್ತಿ ತೋರಿಸುತ್ತದೆ.

ಕಲ್ಲುದಾರಿಗೆ ಇದು ಆಗಿಬರುವ ಟೈರ್ ಅಲ್ಲ. ಜೋಳ ತುಂಬಲು ಹೊಲದ ದಾರಿಗೆ ಇಳಿಸಿದಾಗ ಹಿಂದಿನ ಹೊರಟೈರಿನ ಪಕ್ಕ ಕಲ್ಲಿಗೆ ಸೀಳಿತು. ಪಕ್ಕ ಸೀಳಿದರೆ ರೀಸೋಲಿಗೂ (ಸವೆದ ಟೈರಿನ ಮೇಲೆ ಹೊಸ ರಬ್ಬರ್ ಹಾಕುವುದು) ತಗೊಳ್ಳಲ್ಲ. ಕ್ವಾರಿಯಲ್ಲಿ ಗಾಡಿ ಓಡಿಸುವವರು ಸುಮ್ನೆ ನೈಲಾನಿನಲ್ಲೇ ಇರಿ.

ಆ ದಿನ ನನ್ನ ಜಿಪುಣತನವೂ ಬಯಲಾಯಿತು. ದುಡ್ಡು ಉಳಿಸಲು ಸ್ಟೆಪ್ನಿ ಹಳೇ ನೈಲಾನೇ ಇಟ್ಟಿದ್ದೆ. ಅದನ್ನೇ ರೇಡಿಯಲ್ ಜೊತೆ ಜೋಡಿ ಮಾಡಿ ಎರಡು ಟ್ರಿಪ್ ಓಡಿಸಿದೆ. ಎರಡರ ಎತ್ತರ ಒಂದೇ ಇಲ್ಲ, ಭಾರವೆಲ್ಲ ಒಂದರ ಮೇಲೆ. ತುಮಕೂರಿನಲ್ಲಿ ಮುಟ್ಟಿ ನೋಡಿದರೆ ಒಂದು ಬೆಚ್ಚಗೆ, ಇನ್ನೊಂದು ಕಾದ ಹೆಂಚು.

ಮುಂದಿನ ಎರಡು ಈಗ ಹೊಸವು, ಹಿಂದಿನ ಮೂರು ರೀಸೋಲಿಗೆ ಹೋಗಿವೆ. ಸ್ಟೆಪ್ನಿಯೂ ಈ ಸಲ ರೇಡಿಯಲ್.