ನೀಟ್ ಲಾಂಗ್ ಟರ್ಮ್ ಕೋಚಿಂಗ್: ಪಾಠಕ್ಕೆ ಐದಕ್ಕೆ ಎರಡು, ಟೆಸ್ಟಿಗೆ ನಾಲ್ಕು

ಮಂಗಳೂರು, ಮೂಡುಬಿದಿರೆ, ಬೆಂಗಳೂರು, ಧಾರವಾಡ, ಕಲಬುರಗಿ ಎಲ್ಲೇ ಹೋದರೂ ‘ಲಾಂಗ್ ಟರ್ಮ್’ ಹೆಸರಿನಲ್ಲಿ ಮಾರುವ ಸರಕು ಹೆಚ್ಚೂಕಡಿಮೆ ಒಂದೇ. ಜೂನ್ ಇಲ್ಲವೇ ಜುಲೈನಿಂದ ಏಪ್ರಿಲ್‌ವರೆಗೆ ಪಾಠ, ವಾರಕ್ಕೊಂದು ಟೆಸ್ಟು, ಹಾಸ್ಟೆಲ್, ಮೆಸ್ಸು, ಜೊತೆಗೆ ಹೊರಲಾರದಷ್ಟು ಪುಸ್ತಕ. ಸೆಕೆಂಡ್ ಪಿಯು ಮುಗಿಸಿ, ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ ಸೀಟಿಗೆ ಸಾಲದ ಅಂಕ ತೆಗೆದವರು ಒಂದು ವರ್ಷ ಡ್ರಾಪ್ ತೆಗೆದುಕೊಂಡು ಸೇರುವ ಜಾಗ ಇದು. ಇಲ್ಲಿ ತೂಗಿ ನೋಡಿರುವುದು ಯಾವುದೋ ಒಂದು ಸಂಸ್ಥೆಯನ್ನಲ್ಲ, ಈ ಸೇವೆಯನ್ನೇ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಇಲ್ಲಿ ದುಡ್ಡಿಗೆ ತಕ್ಕ ಬೆಲೆ ಸಿಗುವುದು ಟೆಸ್ಟಿನಲ್ಲಿ ಮತ್ತು ಟೆಸ್ಟಿನ ನಂತರದ ವಿಶ್ಲೇಷಣೆಯಲ್ಲಿ, ಪಾಠದಲ್ಲಿ ಅಲ್ಲ. ಫಿಸಿಕ್ಸ್ ಬುನಾದಿಯೇ ಅಲುಗಾಡುವವರನ್ನು ಬಿಟ್ಟರೆ, ಪಾಠಕ್ಕಾಗಿಯೇ ಸೇರುವವರಿಗೆ ಈ ಡ್ರಾಪ್ ವರ್ಷ ದುಬಾರಿ.

ಮುಂಗಡ ಕಟ್ಟುವ ಮುನ್ನ ಮನೆಯಲ್ಲೇ ಒಂದು ಕೆಲಸ ಮಾಡಿ. ನೀಟ್ ಪ್ರಶ್ನೆಪತ್ರಿಕೆ ಅಭ್ಯರ್ಥಿಯ ಬಳಿಯೇ ಉಳಿಯುತ್ತದೆ. ಉತ್ತರ ತುಂಬಿದ ಓಎಂಆರ್ ಹಾಳೆಯ ಸ್ಕ್ಯಾನ್ ಪ್ರತಿಯನ್ನು ಕೀ ಆನ್ಸರ್ ಜೊತೆಗೆ ಪರೀಕ್ಷೆ ನಡೆಸುವ ಎನ್‌ಟಿಎ ಕೆಲವೇ ದಿನ ವೆಬ್‌ಸೈಟಿನಲ್ಲಿಡುತ್ತದೆ, ಆಗಲೇ ಇಳಿಸಿಕೊಂಡಿರಬೇಕು. ಎರಡನ್ನೂ ಪಕ್ಕದಲ್ಲಿಟ್ಟು, ಅಂಕ ಕಳೆದ ಪ್ರತಿ ಪ್ರಶ್ನೆಯ ಮುಂದೆ ಕಾರಣ ಬರೆಯಿರಿ: ಗೊತ್ತೇ ಇರಲಿಲ್ಲ, ಓದಿದ್ದು ಮರೆತಿತ್ತು, ಲೆಕ್ಕ ತಪ್ಪಿತು, ಸಮಯ ಸಾಲಲಿಲ್ಲ, ಸುಮ್ಮನೆ ಊಹಿಸಿದ್ದು.

ಇದರ ಮಹತ್ವ ಲೆಕ್ಕದಲ್ಲೇ ಕಾಣುತ್ತದೆ. ಒಟ್ಟು 180 ಪ್ರಶ್ನೆ, 720 ಅಂಕ, ಸರಿಯುತ್ತರಕ್ಕೆ 4, ತಪ್ಪಿಗೆ ಮೈನಸ್ 1. ಒಬ್ಬರದು 130 ಸರಿ, 45 ತಪ್ಪು, 5 ಖಾಲಿ ಎಂದಿಟ್ಟುಕೊಳ್ಳಿ: 475. ಆ 45ರಲ್ಲಿ ಬರೀ ಊಹೆಯ 20ನ್ನು ಮುಟ್ಟದೆ ಬಿಟ್ಟಿದ್ದರೆ ಒಂದಕ್ಷರ ಹೆಚ್ಚು ಓದದೆಯೂ 495 ಆಗುತ್ತಿತ್ತು. ಈ ರೋಗಕ್ಕೆ ಹತ್ತು ತಿಂಗಳ ಪಾಠ ಮದ್ದಲ್ಲ. ಬಯಾಲಜಿಯಲ್ಲಿ ಕಳೆದಿದ್ದು ಹೆಚ್ಚಾಗಿ ‘ಮರೆತಿತ್ತು’ ಗುಂಪಿಗೆ ಸೇರಿದ್ದರೆ ಎನ್‌ಸಿಇಆರ್‌ಟಿ ಪುಸ್ತಕವನ್ನು ಚಿತ್ರ, ಕೋಷ್ಟಕ, ಚಿತ್ರದ ಕೆಳಗಿನ ಸಾಲು ಬಿಡದೆ ಮತ್ತೆ ಮತ್ತೆ ತಿರುವುವುದೇ ದಾರಿ. ಅದನ್ನು ಯಾರೂ ನಮಗಾಗಿ ಮಾಡಿಕೊಡಲಾರರು. ಆದರೆ ಫಿಸಿಕ್ಸ್‌ನಲ್ಲಿ ‘ಗೊತ್ತೇ ಇರಲಿಲ್ಲ’ ಎಂಬ ಸಾಲು ಉದ್ದಕ್ಕೆ ಬೆಳೆದಿದ್ದರೆ, ಅದರಲ್ಲೂ ಮೆಕ್ಯಾನಿಕ್ಸೇ ಅಲುಗಾಡುತ್ತಿದ್ದರೆ, ಎದುರಿಗೆ ಕೂರಿಸಿ ಹೇಳಿಕೊಡುವ ಮೇಷ್ಟ್ರು ಬೇಕು. ಲಾಂಗ್ ಟರ್ಮ್‌ನಿಂದ ನಿಜವಾಗಿ ಲಾಭವಾಗುವುದು ಈ ಗುಂಪಿಗೆ.

ಇನ್ನೊಂದು ಎಚ್ಚರ: ‘ನಿಮ್ಮ ಅಂಕಕ್ಕೆ ಇನ್ನು ನೂರು ಸೇರಿದರೆ ಸೀಟು ಗ್ಯಾರಂಟಿ’ ಎನ್ನುವ ಕೋಚಿಂಗ್ ಕೌನ್ಸೆಲರ್ ಮಾತು. ಅಂಕ ವರ್ಷದಿಂದ ವರ್ಷಕ್ಕೆ ಹೋಲಿಸುವಂಥದ್ದಲ್ಲ. 2024ರಲ್ಲಿ 600 ದಾಟಿದವರು ಹತ್ತಾರು ಸಾವಿರ ಮಂದಿ. 2025ರಲ್ಲಿ ಫಿಸಿಕ್ಸ್ ಕಠಿಣವಾಗಿ ಬಂದು, ದೇಶಕ್ಕೆ ಮೊದಲಿಗರಾದವರ ಅಂಕವೇ 686, 600ರ ಗೆರೆ ದಾಟಿದವರು ಒಂದೂವರೆ ಸಾವಿರದ ಒಳಗೆ. ಕೇಳಬೇಕಾದ್ದು ಅಖಿಲ ಭಾರತ ರ‍್ಯಾಂಕ್, ಆಮೇಲೆ ನಿಮ್ಮ ವರ್ಗಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಸೀಟು ಹಂಚಿಕೆಯ ಕೌನ್ಸೆಲಿಂಗ್‌ನಲ್ಲಿ ಸರ್ಕಾರಿ ಸೀಟು ಕಳೆದ ವರ್ಷ ಯಾವ ರ‍್ಯಾಂಕಿಗೆ ನಿಂತಿತು ಎಂಬುದು. ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮ ಮೀಸಲು, ಕಲ್ಯಾಣ ಕರ್ನಾಟಕದ 371ಜೆ ವಿಧಿಯ ಮೀಸಲು ಇದ್ದವರ ಗೆರೆ ಬೇರೆ ಕಡೆ ಇರುತ್ತದೆ. ಎಷ್ಟೋ ಮನೆಗಳಲ್ಲಿ ಸಾಮಾನ್ಯ ವರ್ಗದ ಕಟಾಫ್ ನೋಡಿ ಡ್ರಾಪ್ ನಿರ್ಧಾರ ಮಾಡುತ್ತಾರೆ, ಮಗುವಿಗೆ ಅನ್ವಯಿಸುವ ಪಟ್ಟಿಯನ್ನೇ ತೆರೆದಿರುವುದಿಲ್ಲ.

ಇನ್ನು ಸರಕಿಗೆ ಬರೋಣ. ಪಾಠಕ್ಕೆ ಎರಡೇ ಅಂಕ ಯಾಕೆ? ಬಹುತೇಕ ಕಡೆ ರಿಪೀಟರ್ಸ್ ಬ್ಯಾಚನ್ನು ಹೊಸಬರಂತೆಯೇ ‘ಯೂನಿಟ್ಸ್ ಅಂಡ್ ಮೆಷರ್‌ಮೆಂಟ್’ನಿಂದ ಶುರು ಮಾಡುತ್ತಾರೆ. ಗೊತ್ತಿರುವ ಅಧ್ಯಾಯಗಳಿಗೆ ಜುಲೈ, ಆಗಸ್ಟ್ ನಿಧಾನವಾಗಿ ಸವೆಯುತ್ತದೆ. ಕಷ್ಟದ ಆಪ್ಟಿಕ್ಸ್, ಆರ್ಗಾನಿಕ್ ಕೆಮಿಸ್ಟ್ರಿ ಬರುವ ಹೊತ್ತಿಗೆ ಡಿಸೆಂಬರ್, ಅಲ್ಲಿಂದ ಓಟ. ವರ್ಷದ ಮಧ್ಯೆ ಮೇಷ್ಟ್ರು ಬದಲಾಗುವುದೂ ಅಪರೂಪವಲ್ಲ, ಜಾಹೀರಾತಿನಲ್ಲಿರುವ ಮುಖ ಮೊದಲ ಬ್ಯಾಚಿಗೆ ಮಾತ್ರ ಪಾಠ ಮಾಡುವುದೂ ಉಂಟು. ಹಾಗಾಗಿ ಸೇರುವ ಮುನ್ನ ಕೇಳಿ: ಸಿಲಬಸ್ ಯಾವ ತಿಂಗಳಿಗೆ ಮುಗಿಯುತ್ತದೆ? ಜನವರಿ ಕೊನೆ ಎಂದರೆ ಸರಿ. ಮಾರ್ಚ್ ಎಂದರೆ ಪುನರಾವರ್ತನೆಗೆ ಜಾಗವೇ ಇಲ್ಲ ಎಂದರ್ಥ. ಪರೀಕ್ಷೆ ಬರುವುದು ಮೇ ಮೊದಲ ವಾರಕ್ಕೆ.

ಟೆಸ್ಟಿಗೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ನೂರಾರು ಮಂದಿಯ ನಡುವೆ, ಮಧ್ಯಾಹ್ನ 2ರಿಂದ 5ರವರೆಗೆ, ನಿಜವಾದ ಓಎಂಆರ್ ಹಾಳೆಯಲ್ಲಿ ಗುಂಡಿ ತುಂಬುವ ಅಭ್ಯಾಸ ಮನೆಯಲ್ಲಿ ಸುಲಭಕ್ಕೆ ಬರುವುದಿಲ್ಲ. ಒಂದು ಗುಂಡಿ ತುಂಬಿದ ಮೇಲೆ ಅಳಿಸುವಂತಿಲ್ಲ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಹಾಳೆಯಲ್ಲೂ ಒಂದು ಸಾಲು ಬಿಡಲು ಮರೆತರೆ ಅಲ್ಲಿಂದ ಕೆಳಗಿನದೆಲ್ಲ ಪಲ್ಲಟ. ಇಂಥದ್ದು ಮೂರ್ನಾಲ್ಕು ಟೆಸ್ಟಿನಲ್ಲೇ ಬಯಲಿಗೆ ಬಂದು ಸರಿಹೋಗುತ್ತದೆ. ಐದನೆಯ ಅಂಕ ಕಡಿತವಾಗಿದ್ದು ವಿಶ್ಲೇಷಣೆಗೆ. ರ‍್ಯಾಂಕ್ ಪಟ್ಟಿಯನ್ನು ವಾಟ್ಸಾಪಿನಲ್ಲಿ ಅಪ್ಪ ಅಮ್ಮನಿಗೆ ಕಳಿಸಿದರೆ ವಿಶ್ಲೇಷಣೆ ಆಗುವುದಿಲ್ಲ. ಟೆಸ್ಟಾದ ಎರಡು ದಿನದೊಳಗೆ ತಪ್ಪಾದ ಪ್ರಶ್ನೆಗಳನ್ನು ಮೇಷ್ಟ್ರು ಕೂತು ಬಿಡಿಸುತ್ತಾರೆಯೇ, ವಿದ್ಯಾರ್ಥಿ ತಪ್ಪಿನ ನೋಟ್‌ಬುಕ್ ಇಟ್ಟಿದ್ದರೆ ಅದನ್ನು ಯಾರಾದರೂ ನೋಡುತ್ತಾರೆಯೇ? ಈಗ ಓದುತ್ತಿರುವ ಹುಡುಗರನ್ನೇ ಗೇಟಿನ ಹೊರಗೆ ಕೇಳಿ, ಆಫೀಸಿನಲ್ಲಿ ಕೇಳಬೇಡಿ.

ಪುಸ್ತಕದ ಮೂಟೆಗೆ ಅಂಕವೇ ಬೇಡ. ಎನ್‌ಸಿಇಆರ್‌ಟಿ, ಹಳೆಯ ಪ್ರಶ್ನೆಪತ್ರಿಕೆ, ಫಿಸಿಕ್ಸಿಗೆ ಒಂದು ಲೆಕ್ಕದ ಪುಸ್ತಕ ಇಷ್ಟು ಸಾಕು. 2024ರ ನೀಟ್‌ಗೆ ಸಿಲಬಸ್ ಕಡಿತವಾಗಿದೆ, ಹಳೆಯ ಮಾಡ್ಯೂಲ್ ಕೊಟ್ಟರೆ ಬಿಟ್ಟುಹೋದ ಅಧ್ಯಾಯಗಳಿಗೂ ಬೆವರು ಸುರಿಸಬೇಕಾಗುತ್ತದೆ.

ಫೀಸಿನ ವಿಷಯ. ಕೋಚಿಂಗಿಗೆ 18% ಜಿಎಸ್‌ಟಿ ಇದೆ. ಕೌಂಟರಿನಲ್ಲಿ ಹೇಳುವ ಒಂದು ಲಕ್ಷ ರಸೀದಿಯಲ್ಲಿ 1,18,000 ಆಗಿರಬಹುದು, ತೆರಿಗೆ ಸೇರಿಸಿಯೋ ಬಿಟ್ಟೋ ಎಂದು ಮೊದಲೇ ಕೇಳಿ. ನೀಟ್ ಅಂಕ ನೋಡಿ ಕೊಡುವ ರಿಯಾಯಿತಿ ಸಾಮಾನ್ಯವಾಗಿ ಬೋಧನಾ ಶುಲ್ಕಕ್ಕೆ ಮಾತ್ರ, ಹಾಸ್ಟೆಲ್ ಮೆಸ್ಸಿಗೆ ಇರುವುದಿಲ್ಲ. ಕಂತು ಎಂದು ಸಹಿ ಹಾಕಿಸಿಕೊಳ್ಳುವುದು ಎಷ್ಟೋ ಸಲ ಫೈನಾನ್ಸ್ ಕಂಪನಿಯ ಸಾಲಕ್ಕೆ. ಮಗು ಎರಡೇ ತಿಂಗಳಿಗೆ ಬಿಟ್ಟು ಬಂದರೂ ಆ ಕಂತು ನಿಲ್ಲುವುದಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಪೂರ್ತಿ ಫೀಸು ಕಟ್ಟಿದವರು ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಹಣ, ಹಾಸ್ಟೆಲ್ ಮೆಸ್ಸಿನದೂ ಸೇರಿ, ಹತ್ತು ದಿನದೊಳಗೆ ವಾಪಸಾಗಬೇಕು. ಮಾರ್ಗಸೂಚಿಯನ್ನು ನಂಬಿ ಕೂರಬೇಡಿ, ಮರುಪಾವತಿಯ ಷರತ್ತನ್ನು ರಸೀದಿಯ ಮೇಲೇ ಬರೆಸಿಕೊಳ್ಳಿ. ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮೂಲ ಅಂಕಪಟ್ಟಿ, ಟಿಸಿಯನ್ನು ಮಾತ್ರ ಯಾವ ಕಾರಣಕ್ಕೂ ‘ಡೆಪಾಸಿಟ್’ ಎಂದು ಕೊಡಬೇಡಿ, ಜೆರಾಕ್ಸ್ ಸಾಕು. ಕೌನ್ಸೆಲಿಂಗ್‌ನ ಯಾವುದಾದರೂ ಸುತ್ತಿನಲ್ಲಿ ಸೀಟು ಸಿಕ್ಕಿಬಿಟ್ಟರೆ ಅವು ಬೇಕೇ ಬೇಕು.

ಕೌನ್ಸೆಲಿಂಗ್ ಎಂದಾಗ ನೆನಪಾಯಿತು: ಅದು ಅಕ್ಟೋಬರ್‌ವರೆಗೂ ಎಳೆಯುತ್ತದೆ. ‘ಕೊನೆಯ ಸುತ್ತು ನೋಡಿ ಸೇರೋಣ’ ಎಂದು ಕಾದವರು ಮೆಕ್ಯಾನಿಕ್ಸ್ ಪೂರ್ತಿ ತಪ್ಪಿಸಿಕೊಂಡು ಹೋಗಿ ಕೂರುತ್ತಾರೆ, ಅವರಿಗೆ ಬೇಕಾಗಿದ್ದೇ ಅದು. ಜುಲೈನಲ್ಲೇ ಸೇರಿ, ಕಡಿಮೆ ಮುಂಗಡ ಕಟ್ಟಿ, ಸೀಟು ಸಿಕ್ಕರೆ ಎಷ್ಟು ವಾಪಸು ಎಂದು ಬರೆಸಿಕೊಂಡರೆ ಎರಡೂ ಕೈಯಲ್ಲಿರುತ್ತದೆ. ಬಿಡಿಎಸ್, ಆಯುರ್ವೇದ ಯಾವುದಕ್ಕಾದರೂ ಸೇರಿ ಪಕ್ಕದಲ್ಲಿ ನೀಟ್ ಓದುವ ಯೋಜನೆ ಕೇಳಲು ಚೆಂದ. ಹಾಜರಿ, ಇಂಟರ್ನಲ್ಸ್ ನಡುವೆ ಓದಿಗೆ ಉಳಿಯುವುದು ರಾತ್ರಿ ಮಾತ್ರ. ಸೀಟು ಬಿಡುವಾಗ ದಂಡ ಎಷ್ಟು ಎಂಬುದಕ್ಕೆ ಆ ವರ್ಷದ ಕೆಇಎ ಮಾಹಿತಿ ಪುಸ್ತಿಕೆಯನ್ನೇ ಓದಬೇಕು.

ಇದೇ ಪ್ಯಾಕೇಜನ್ನು ಎಂಜಿನಿಯರಿಂಗ್‌ಗೆ ಮಾರುವಾಗ ನಮ್ಮ ಅಂಕ ಇಳಿಯುತ್ತದೆ. ಕೆಸಿಇಟಿ ರ‍್ಯಾಂಕಿಗೆ ಅರ್ಧ ಸಿಇಟಿ ಅಂಕ, ಅರ್ಧ ಪಿಯು ಅಂಕ. ಡ್ರಾಪ್ ವರ್ಷದ ಓದು ಮೇಲೆತ್ತುವುದು ಮೊದಲರ್ಧವನ್ನು ಮಾತ್ರ. ರಿಪೀಟರ್‌ಗಳ ವಿಷಯದಲ್ಲಿ ನಿಯಮವೂ ಅಲುಗಾಡಿದ್ದುಂಟು: 2021ರಲ್ಲಿ ಕೋವಿಡ್‌ನಿಂದ ಪರೀಕ್ಷೆಯಿಲ್ಲದೆ ಪಾಸಾದವರ ಪಿಯು ಅಂಕವನ್ನು 2022ರಲ್ಲಿ ಕೆಇಎ ಪರಿಗಣಿಸದೆ, ಅವರು ಹೈಕೋರ್ಟ್ ಮೆಟ್ಟಿಲೇರಬೇಕಾಯಿತು. ಐಐಟಿ ಪ್ರವೇಶದ ಜೆಇಇ ಅಡ್ವಾನ್ಸ್ಡ್‌ಗೆ ಸತತ ಎರಡು ವರ್ಷ, ಎರಡೇ ಅವಕಾಶ, ಅಂದರೆ ಡ್ರಾಪ್ ಒಂದೇ ಸಲ. ಜೆಇಇ ಮೇನ್ ಮೂರು ವರ್ಷ ಬರೆಯಬಹುದು, ಎನ್‌ಐಟಿಗೆ ಪಿಯುನಲ್ಲಿ 75% ಅಥವಾ ಬೋರ್ಡಿನ ಟಾಪ್ 20 ಪರ್ಸೆಂಟೈಲ್ ಬೇಕು, ಪರಿಶಿಷ್ಟರಿಗೆ 65%. ನೀಟ್‌ಗೆ ಇಂಥ ಮಿತಿ ಇಲ್ಲ, ಗರಿಷ್ಠ ವಯಸ್ಸೂ ಇಲ್ಲ. ಅದಕ್ಕೇ ಎರಡನೆಯ, ಮೂರನೆಯ ಡ್ರಾಪ್ ಅನ್ನು ಸಲೀಸಾಗಿ ಮಾರುತ್ತಾರೆ. ಮೊದಲ ಡ್ರಾಪ್‌ನಲ್ಲಿ ರ‍್ಯಾಂಕ್ ಹೆಚ್ಚು ಸರಿಯದಿದ್ದರೆ ಎರಡನೆಯದನ್ನು ನಾವು ಶಿಫಾರಸು ಮಾಡುವುದಿಲ್ಲ.

ಹಾಸ್ಟೆಲ್ ನೋಡಲು ಹೋದಾಗ ಕೋಣೆಗಿಂತ ದಿನಚರಿ ಹಾಳೆ ನೋಡಿ. ಬೆಳಿಗ್ಗೆ 5ರಿಂದ ರಾತ್ರಿ 11ರವರೆಗೆ ಒಂದು ನಿಮಿಷ ಖಾಲಿ ಇಲ್ಲದ ವೇಳಾಪಟ್ಟಿಯನ್ನು ಶಿಸ್ತು ಎಂದು ತೋರಿಸುತ್ತಾರೆ. ಸ್ವಂತ ಓದಿಗೆ ದಿನಕ್ಕೆ ನಾಲ್ಕೈದು ಗಂಟೆ ಇಲ್ಲದ ಕಡೆ ತಪ್ಪು ತಿದ್ದಿಕೊಳ್ಳಲು ಹೊತ್ತೇ ಸಿಗದು. ವಾರಕ್ಕೆ ಒಂದು ರಜೆ, ಮನೆಗೆ ಫೋನ್ ಮಾಡುವ ಸಮಯ, ಏಳು ಗಂಟೆ ನಿದ್ದೆ ಇದೆಯೇ ನೋಡಿ. ಮನಸ್ಸು ಕುಗ್ಗಿದಾಗ ಮಾತಾಡಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಆ ನಂಬರ್ ಮಗುವಿನ ಬಳಿ ಇರಲಿ.

ಫಿಸಿಕ್ಸ್ ಗಟ್ಟಿಯಿದ್ದು, ಕಳೆದ ಅಂಕ ಮರೆವು ಮತ್ತು ಊಹೆಯಿಂದಾದರೆ ಬರೀ ಟೆಸ್ಟ್ ಸೀರೀಸಿಗೆ ಸೇರಿ ಮನೆಯಲ್ಲೇ ಓದಬಹುದು, ಹಲವು ಕಡೆ ಅದನ್ನು ಪ್ರತ್ಯೇಕವಾಗಿ ಕೊಡುತ್ತಾರೆ. ಪಾಠ ಬೇಕೆನಿಸಿದ ಅಧ್ಯಾಯಗಳಿಗೆ ಕೇಂದ್ರ ಸರ್ಕಾರದ ‘ಸಾಥಿ’ ಪೋರ್ಟಲ್ ಉಚಿತ. ಓಎಂಆರ್ ಹಾಳೆಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಐವತ್ತು ಪ್ರತಿ ಮಾಡಿಸಿಟ್ಟುಕೊಳ್ಳಿ. ಭಾನುವಾರ ಮಧ್ಯಾಹ್ನ 2ಕ್ಕೆ ಸರಿಯಾಗಿ ಕೂತು, 5ಕ್ಕೆ ಪೆನ್ನು ಕೆಳಗಿಡಿಸಲು ಮನೆಯಲ್ಲಿ ಒಬ್ಬರು ಕಟ್ಟುನಿಟ್ಟಿನವರು ಇದ್ದರೆ ಆಯಿತು.